ಬೀಟೆಯ ಹಾಳೆ

ನಿನ್ನೆ ರಾತ್ರಿ ಆನ್‌ಲೈನ್ ಹರಾಜು ಮುಗಿಯಲು 40 ಸೆಕೆಂಡು ಇರುವಾಗ ನಮ್ಮ ಬದಿಯಡ್ಕದಲ್ಲಿ ಕರೆಂಟು ಹೋಯಿತು. ಮೊಬೈಲಿನ ನೆಟ್ ಸಿಗುವಷ್ಟರಲ್ಲಿ ಗಿಟಾರು ಯಾರದೋ ಪಾಲು. ಅದೇನು ಸೆಲ್ಮರ್ ಕಂಪೆನಿಯ ಅಸಲಿ ಗಿಟಾರಲ್ಲ ಬಿಡಿ. ಪ್ಯಾರಿಸಿನಲ್ಲಿ 1932ರಿಂದ 1952ರವರೆಗೆ ಮಾಡಿದ್ದು ಸಾವಿರದಷ್ಟೂ ಇರಲಿಕ್ಕಿಲ್ಲ. ಜಾಝ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ನುಡಿಸಿದ ಜಾತಿ ಅದು. ನಮ್ಮ ಅಡಿಕೆ ಅಷ್ಟೆಲ್ಲ ತಡೆಯುವುದಿಲ್ಲ. ನಾನು ಹುಡುಕುವುದು 1970ರ ದಶಕದ ಜಪಾನಿ ನಕಲುಗಳನ್ನು.

ಅಂಥದ್ದೊಂದು ಮೂರು ವರ್ಷದ ಹಿಂದೆ ಬಂದಿತ್ತು. ಬೆಲೆಗಿಂತ ಸಾಗಣೆ, ಸುಂಕದ್ದೇ ಹೊಟ್ಟೆಯುರಿ. ಬಿಚ್ಚಿ ನೋಡಿದರೆ ತಂತಿಗಳನ್ನು ಹೊರುವ ಸೇತುವೆಯ ಪಕ್ಕ ಗೇಣುದ್ದ ಸೀಳು. ಮಾರಿದವರು ಫೋಟೋ ತೆಗೆಯುವಾಗ ಆ ಬದಿಗೆ ಬೆಳಕೇ ಬಿಟ್ಟಿರಲಿಲ್ಲ! ಅಂಟು ಹಾಕಲು ಬಂದ ಆಚಾರ್ರು ಹಿಂಬದಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, "ಇದು ನಮ್ಮ ಬೀಟೆ ಅಲ್ವಾ ಭಟ್ರೇ?" ಅಂದರು. ಮತ್ತೆ ಮೊಟ್ಟೆಯಾಕಾರದ ತೂತಿನೊಳಗೆ ಟಾರ್ಚು ಹಾಕಿ, "ಬೀಟೆಯ ತೆಳು ಹಾಳೆ ಅಂಟಿಸಿದ್ದು ಮಾರಾಯ್ರೆ" ಎಂದು ಮುಖ ಸಿಂಡರಿಸಿದರು. ಅಸಲಿ ಸೆಲ್ಮರಿಗೂ ಹಿಂಬದಿಗೆ ಭಾರತದ ಬೀಟೆಯ ಹಾಳೆಯನ್ನೇ ಅಂಟಿಸುತ್ತಿದ್ದರು ಎಂದರೆ ನಂಬಲಿಲ್ಲ. ನಮ್ಮ ಕಡೆಯ ಮರ ಹಡಗು ಹತ್ತಿ ಪ್ಯಾರಿಸಿಗೆ ಹೋಗಿರಬಹುದೋ ಏನೋ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಈ ಮಳೆಗಾಲದ ತೇವಕ್ಕೆ ಸೀಳು ಮತ್ತೆ ಬಾಯಿಬಿಟ್ಟಿದೆ. ಈಗ ನಾನೇ ಅದನ್ನು ಮಾರಲು ಕೂತಿದ್ದೇನೆ. ಆ ಬದಿಯ ಫೋಟೋ ಅಂಗಳದ ಬಿಸಿಲಲ್ಲೇ ತೆಗೆದು ಮೊದಲನೆಯದಾಗಿ ಹಾಕಿದೆ. ಎರಡು ದಿನವಾಯಿತು, ಒಂದೇ ಒಂದು ಬಿಡ್ ಬಂದಿಲ್ಲ.