ಮೇನ್ ರಿಲೇ ಸರ್ಕ್ಯೂಟ್: ವಾಸ್ಕೋದ ಹ್ಯಾಚ್‌ಬ್ಯಾಕ್, ಮಳೆಗಾಲದ ಕೆಲಸದ ಲಾಗ್

ಗಾಡಿ ಬಿಎಸ್-4 ಕಾಲದ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಿಲ್ಲುವುದು ಗೋವಾದ ವಾಸ್ಕೋದಲ್ಲಿ, ಮೇಲೆ ಸೂರಿಲ್ಲದೆ, ಬಂದರಿನ ಉಪ್ಪುಗಾಳಿಗೆ. ಆಗಾಗ ಅನಮೋಡ್ ಘಾಟ್ ಹತ್ತಿ ಬೆಳಗಾವಿಗೆ ಹೋಗಿಬರುತ್ತದೆ. ದೂರು ಎರಡು. ಮಳೆ ಸುರಿದ ರಾತ್ರಿ ಕಳೆದ ಬೆಳಿಗ್ಗೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು, ಓಡುವಾಗ ಗುಂಡಿಗೆ ಬಿದ್ದರೆ ಒಮ್ಮೊಮ್ಮೆ ಎಂಜಿನ್ ಕ್ಷಣಮಾತ್ರ ಸತ್ತು ಮತ್ತೆ ಹಿಡಿದುಕೊಳ್ಳುತ್ತದೆ. ಘಾಟಿನ ತಿರುವಿನಲ್ಲಿ ಹೀಗಾದರೆ ಜೀವಕ್ಕೇ ಅಪಾಯ. ಇದಕ್ಕೆ ಮೊದಲು ಎರಡು ಮೇನ್ ರಿಲೇ (ಸಣ್ಣ ಕರೆಂಟಿನಿಂದ ಎಳೆದು ಎಂಜಿನ್ನಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಬದಲಾಗಿದ್ದವು, ದೂರು ಹಾಗೇ ಉಳಿದಿತ್ತು.

ಜೂನ್: ಸರ್ಕ್ಯೂಟ್ ಅರ್ಥಮಾಡಿಕೊಳ್ಳುವುದು

ಈ ಗಾಡಿಯಲ್ಲಿ ಕೀ ನೇರವಾಗಿ ರಿಲೇ ಎಳೆಯುವುದಿಲ್ಲ. ಕೀ ಆನ್ ಮಾಡಿದಾಗ ಇಗ್ನಿಷನ್ ಫ್ಯೂಸ್ ದಾಟಿ ಒಂದು ಸಣ್ಣ ಸಿಗ್ನಲ್ ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ ಹೋಗುತ್ತದೆ. ಅದನ್ನು ನೋಡಿದ ಇಸಿಎಂ ತನ್ನೊಳಗಿನ ಟ್ರಾನ್ಸಿಸ್ಟರ್ ಮೂಲಕ ರಿಲೇಯ 85ನೇ ಪಿನ್ನನ್ನು ಅರ್ಥ್‌ಗೆ ಎಳೆಯುತ್ತದೆ. 86ಕ್ಕೆ ಬ್ಯಾಟರಿ ಸಪ್ಲೈ ಸದಾ ಇರುತ್ತದೆ. 85 ಮತ್ತು 86ರ ನಡುವಿನ ಕಾಯಿಲ್ (ತಂತಿಯ ಸುರುಳಿ) ಅಯಸ್ಕಾಂತವಾಗಿ ಎಳೆದಾಗ 30 ಮತ್ತು 87 ಸೇರುತ್ತವೆ, 87ರಿಂದ ಇಸಿಎಂಗೆ ಮುಖ್ಯ ಸಪ್ಲೈ, ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಆಕ್ಸಿಜನ್ ಸೆನ್ಸರ್ ಹೀಟರ್, ಫ್ಯುಯೆಲ್ ಪಂಪ್ ರಿಲೇ ಎಲ್ಲಕ್ಕೂ ಕರೆಂಟ್ ಹೋಗುತ್ತದೆ. ಕೀ ತೆಗೆದ ಮೇಲೂ ಇಸಿಎಂ ಕೆಲವು ಸೆಕೆಂಡು ರಿಲೇ ಹಿಡಿದಿಟ್ಟುಕೊಂಡು ಕಲಿತ ಲೆಕ್ಕಗಳನ್ನು ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಕೀ ತೆಗೆದ ಸ್ವಲ್ಪ ಹೊತ್ತಿಗೆ ಬಾನೆಟ್ ಒಳಗಿಂದ 'ಟಕ್' ಎಂದರೆ ಅದು ದೋಷವಲ್ಲ.

ನೀವು ಕೈ ಹಾಕುವ ಗಾಡಿಯಲ್ಲಿ ಪಿನ್ ನಂಬರುಗಳು ಹೀಗೇ ಇರಬೇಕೆಂದಿಲ್ಲ. ಕೆಲವು ಜಪಾನಿ ಗಾಡಿಗಳ ರಿಲೇ ಮೇಲೆ 1, 2, 3, 5 ಎಂದಿರುತ್ತದೆ. ವೈರಿಂಗ್ ಚಿತ್ರ ಎದುರಿಗಿಲ್ಲದೆ ಈ ಕೆಲಸ ಶುರು ಮಾಡಬೇಡಿ.

ಕೋಡ್‌ಗಳ, ಅಂದರೆ ಸ್ಕ್ಯಾನರ್ ಓದುವ ದೋಷ ಸಂಖ್ಯೆಗಳ, ಬಗ್ಗೆ ಒಂದು ಮಾತು. ಪಿ0685 ಬಂದರೆ ಕಾಯಿಲ್ ಕಡೆಯ ಕಂಟ್ರೋಲ್ ಸರ್ಕ್ಯೂಟ್ ಓಪನ್, ಅಂದರೆ ಎಲ್ಲೋ ಕಡಿದಿದೆ. ಪಿ0686 ಮತ್ತು ಪಿ0687 ಅದೇ ಕಂಟ್ರೋಲ್ ಲೈನ್‌ನಲ್ಲಿ ವೋಲ್ಟೇಜ್ ಕಡಿಮೆ, ಹೆಚ್ಚು. ಪಿ0688ರಿಂದ ಪಿ0690ರವರೆಗಿನವು ರಿಲೇ ಕೊಟ್ಟ ಸಪ್ಲೈ ಇಸಿಎಂಗೆ ಮುಟ್ಟಿತೇ ಎಂದು ನೋಡುವ ಸೆನ್ಸ್ ಲೈನ್‌ನವು. ಇಲ್ಲಿ ಸಿಕ್ಕಿದ್ದು ಇಸಿಎಂನಲ್ಲಿ ಹಳೆಯ ಪಿ0689, ಎಬಿಎಸ್ (ಬ್ರೇಕಿನ ಕಂಪ್ಯೂಟರ್) ನಲ್ಲಿ ಯು0100, ಅಂದರೆ ಇಸಿಎಂ ಜೊತೆ ಮಾತು ಕಡಿದುಹೋಗಿದೆ ಎಂಬ ದೂರು. ಸ್ಟಾರ್ಟ್ ಆಗದ ಬೆಳಗಿಗೆ ಸಂಬಂಧಿಸಿ ಇಸಿಎಂನಲ್ಲಿ ಏನೂ ಇರಲಿಲ್ಲ. ಎಚ್ಚರವೇ ಆಗದ ಇಸಿಎಂ ಕೋಡ್ ಬರೆಯುವುದಾದರೂ ಹೇಗೆ? ಕೋಡ್ ಇಲ್ಲ ಎಂದ ಮಾತ್ರಕ್ಕೆ ಈ ಸರ್ಕ್ಯೂಟ್ ಸರಿಯಿದೆ ಅಂತಲ್ಲ.

ಜೂನ್ ಕೊನೆ: ಸ್ಟಾರ್ಟ್ ಆಗದ ಬೆಳಗು

ಬರುತ್ತ ಹೋಗುತ್ತ ಇರುವ ದೋಷವನ್ನು ಅದು ಇರುವಾಗಲೇ ಅಳೆಯಬೇಕು. ಮಳೆ ನಿಂತ ಬೆಳಿಗ್ಗೆ, ಯಾವ ವೈರನ್ನೂ ಅಲುಗಾಡಿಸುವ ಮೊದಲು, ಮೀಟರ್ ಹಚ್ಚಲಾಯಿತು.

ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ಹತ್ತಲಿಲ್ಲ. ಸ್ಕ್ಯಾನರ್ ಎಬಿಎಸ್ ಜೊತೆ ಮಾತಾಡಿತು, ಇಸಿಎಂ ಜೊತೆ ಇಲ್ಲ. ಇಮ್ಮೊಬಿಲೈಸರ್ (ಕೀ ಗುರುತಿಸುವ ಕಳ್ಳತನ ತಡೆ) ತಕರಾರಾಗಿದ್ದರೆ ಸಾಮಾನ್ಯವಾಗಿ ಚೆಕ್ ಎಂಜಿನ್ ದೀಪ ಹತ್ತಿ, ಕೀ ದೀಪ ಮಿನುಗುತ್ತಿತ್ತು. ದೀಪವೇ ಇಲ್ಲವೆಂದರೆ ಮೂರರಲ್ಲಿ ಒಂದು: ಸಪ್ಲೈ ಇಲ್ಲ, ಅರ್ಥ್ ಇಲ್ಲ, ಅಥವಾ ಯಾವುದಾದರೂ ಸೆನ್ಸರ್, ಇಸಿಎಂ ಸೆನ್ಸರುಗಳಿಗೆ ಕೊಡುವ 5 ವೋಲ್ಟ್ ರೆಫರೆನ್ಸ್ ಲೈನನ್ನು ಶಾರ್ಟ್ ಮಾಡಿ ಇಸಿಎಂ ಅನ್ನು ಕೆಡವಿದೆ. ಸೆನ್ಸರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿದರೂ ದೀಪ ಬರಲಿಲ್ಲ, ಮೂರನೆಯದನ್ನು ಬಿಟ್ಟೆವು.

ಬ್ಯಾಟರಿ 12.5 ವೋಲ್ಟ್. ರಿಲೇ ಹೊರತೆಗೆದು 85 ಮತ್ತು 86ರ ನಡುವೆ ಅಳೆದರೆ 82 ಓಮ್. ಈ ಗಾತ್ರದ 12 ವೋಲ್ಟ್ ರಿಲೇಗೆ 70ರಿಂದ 120 ಓಮ್ ನಡುವೆ ಬಂದರೆ ಸರಿ. ಮೇಜಿನ ಮೇಲೆ ಕಾಯಿಲ್‌ಗೆ 12 ವೋಲ್ಟ್ ಕೊಟ್ಟು, 30-87ರ ಮೂಲಕ 21 ವ್ಯಾಟ್ ಬಲ್ಬ್ ಉರಿಸಿ, ಆ ಎರಡು ಪಿನ್ ನಡುವಿನ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್) ಅಳೆದಾಗ 0.04 ವೋಲ್ಟ್. ರಿಲೇ ನಿರಪರಾಧಿ. 'ಟಕ್ ಅಂತು, ರಿಲೇ ಸರಿಯಿದೆ' ಎನ್ನುವುದನ್ನು ಗ್ಯಾರೇಜುಗಳಲ್ಲಿ ದಿನವೂ ಕೇಳುತ್ತೇವೆ. ಟಕ್ ಎಂಬುದು ಕಾಯಿಲ್‌ನ ಸಾಕ್ಷಿ ಮಾತ್ರ. ಕಾಂಟ್ಯಾಕ್ಟ್ ಸುಟ್ಟಿದ್ದರೂ ಟಕ್ ಅನ್ನುತ್ತದೆ.

ಆಮೇಲೆ ಸಾಕೆಟ್. 30ರಲ್ಲಿ 21 ವ್ಯಾಟ್ ಬಲ್ಬ್ ಪೂರ್ತಿ ಉರಿಯಿತು, 86ರಲ್ಲೂ ಹಾಗೆಯೇ. 20 ಆಂಪ್ ಫ್ಯೂಸ್ ಇರುವ ಜಂಪರ್‌ನಿಂದ 30 ಮತ್ತು 87 ಸೇರಿಸಿ ಕೀ ಆನ್ ಮಾಡಿದರೆ ಇಸಿಎಂನ ಮುಖ್ಯ ಸಪ್ಲೈ ಪಿನ್‌ಗೆ 12.4 ವೋಲ್ಟ್ ಬಂತು, ಆದರೂ ಚೆಕ್ ಎಂಜಿನ್ ದೀಪ ಬರಲಿಲ್ಲ. ಬ್ಯಾಟರಿ ಪ್ಲಸ್‌ನಿಂದ 85ರ ಸಾಕೆಟ್‌ಗೆ ಎಲ್‌ಇಡಿ ಟೆಸ್ಟರ್ ಹಚ್ಚಿದರೆ ಅದೂ ಹತ್ತಲಿಲ್ಲ. ಅಂದರೆ ಇಸಿಎಂ ರಿಲೇಯನ್ನು ಎಳೆಯುತ್ತಲೇ ಇಲ್ಲ.

ಇಲ್ಲೊಂದು ಎಚ್ಚರಿಕೆ. 85ರ ವೈರಿಗೆ ಎಲ್‌ಇಡಿ ಟೆಸ್ಟರ್ ಮಾತ್ರ, 21 ವ್ಯಾಟ್ ಬಲ್ಬ್ ಬೇಡವೇ ಬೇಡ. ರಿಲೇ ಕಾಯಿಲ್ ಎಳೆಯುವುದು 0.15 ಆಂಪ್ ಆಸುಪಾಸು, ಬಲ್ಬ್ ಎಳೆಯುವುದು 1.75 ಆಂಪ್, ತಣ್ಣಗಿರುವಾಗ ಅದಕ್ಕೂ ಹೆಚ್ಚು. ಇಸಿಎಂನ ಒಳಗಿನ ಡ್ರೈವರ್ ಸುಟ್ಟರೆ ಇನ್ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ.

ಬಹಳಷ್ಟು ಕಡೆ 'ಇಸಿಎಂ ಹೋಗಿದೆ' ಎಂಬ ತೀರ್ಪು ಬರುವುದು ಈ ಹಂತದಲ್ಲೇ. ಎಳೆಯುತ್ತಿಲ್ಲ ಎಂದರೆ ಎಳೆಯಲಾಗುತ್ತಿಲ್ಲ ಎಂದೇ ಅರ್ಥವಲ್ಲ, ಎಳೆಯಲು ಯಾರೂ ಹೇಳಿಲ್ಲ ಎಂದೂ ಇರಬಹುದು. ಇಸಿಎಂ ಕನೆಕ್ಟರ್‌ನ ಹಿಂದಿನಿಂದ ತೆಳ್ಳನೆಯ ಪ್ರೋಬ್ ಇಳಿಸಿ ಇಗ್ನಿಷನ್ ಸಿಗ್ನಲ್ ಪಿನ್ ಅಳೆದಾಗ 4.1 ವೋಲ್ಟ್! ಬ್ಯಾಟರಿ ನೆಗೆಟಿವ್ ತೆಗೆದು, ಇಸಿಎಂ ಕನೆಕ್ಟರ್ ಬಿಡಿಸಿ, ನೆಗೆಟಿವ್ ಮತ್ತೆ ಹಾಕಿ ಅದೇ ವೈರನ್ನು ಅಳೆದರೆ 12.3. ಮೀಟರನ್ನೇ ನಂಬುವವರು ಮೋಸಹೋಗುವುದು ಈ ಎರಡನೆಯ ಲೆಕ್ಕದಲ್ಲಿ. ಡಿಜಿಟಲ್ ಮೀಟರ್‌ನ ಒಳ ರೆಸಿಸ್ಟೆನ್ಸ್ ಸುಮಾರು 10 ಮೆಗಾ ಓಮ್. ವೈರಿನಲ್ಲಿ ಸಾವಿರಾರು ಓಮ್ ಅಡ್ಡ ಕೂತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ, 12 ವೋಲ್ಟ್ ಎಂದೇ ತೋರಿಸುತ್ತದೆ. ಅದೇ ಪಿನ್‌ಗೆ 5 ವ್ಯಾಟ್ ಬಲ್ಬ್ ಹಚ್ಚಿದರೆ ಮಿಣುಕೂ ಇಲ್ಲ. ಇಗ್ನಿಷನ್ ಫ್ಯೂಸಿನ ಎರಡೂ ತುದಿಯಲ್ಲಿ ಅದೇ ಬಲ್ಬ್ ಚೆನ್ನಾಗಿ ಉರಿಯಿತು. ದೋಷ ಫ್ಯೂಸಿಗೂ ಇಸಿಎಂಗೂ ನಡುವೆ.

ಆ ದಾರಿಯಲ್ಲಿ ಒಂದೇ ಜೋಡಣೆ, ಬ್ಯಾಟರಿ ಟ್ರೇ ಕೆಳಗಿನ ಕನೆಕ್ಟರ್. ಮೇಲಿಂದ ಮಳೆನೀರು, ಪಕ್ಕದಲ್ಲಿ ಬ್ಯಾಟರಿಯ ಆಸಿಡ್ ಆವಿ, ಸುತ್ತ ಉಪ್ಪುಗಾಳಿ. ಕನೆಕ್ಟರ್ ಹೊರಗಿಂದ ಹೊಸದರ ಹಾಗಿತ್ತು. ಬಿಳಿ ಗೆರೆಯ ಕಪ್ಪು ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಟರ್ಮಿನಲ್‌ನಿಂದ ಒಂದು ಇಂಚು ಹಿಂದೆ ಇನ್ಸುಲೇಷನ್ ರಬ್ಬರಿನಂತೆ ಹಿಗ್ಗಿ ಸಣ್ಣಗಾಯಿತು. ಒಳಗೆ ತಾಮ್ರ ಇದ್ದರೆ ವೈರ್ ಹಾಗೆ ಹಿಗ್ಗುವುದಿಲ್ಲ. ಬ್ಲೇಡಿನಿಂದ ಸೀಳಿದರೆ ಎಳೆಗಳ ಜಾಗದಲ್ಲಿ ಬರೀ ಹಸಿರು ಕಿಲುಬಿನ ಪುಡಿ, ತುದಿಗಳು ಬೇರೆಬೇರೆ. ರಾತ್ರಿಯ ತಂಪಿಗೆ ತುದಿಗಳು ದೂರ ಸರಿಯುವುದು, ಹಗಲಿನ ಬಿಸಿಗೋ ಅಲುಗಾಟಕ್ಕೋ ಮತ್ತೆ ತಾಗುವುದು. 'ಬೆಳಿಗ್ಗೆ ಆಗಲ್ಲ, ಮಧ್ಯಾಹ್ನ ಆಗುತ್ತೆ' ಎಂಬುದಕ್ಕೆ ಕಾರಣ ಇದೇ.

ರಿಪೇರಿ: ಎರಡೂ ಕಡೆ ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಬೇಕು. ಕಪ್ಪಾದ ತಾಮ್ರಕ್ಕೆ ಟರ್ಮಿನಲ್ ಕ್ರಿಂಪ್ ಮಾಡಿದರೆ (ಅಮುಕಿ ಕೂರಿಸಿದರೆ) ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕತೆ. ಒಂದು ಕಡೆ 11 ಸೆಂಟಿಮೀಟರ್ ಹೋಯಿತು. 0.75 ಚದರ ಮಿಲಿಮೀಟರ್ ಆಟೋ ವೈರ್, ಹೊಸ ಟರ್ಮಿನಲ್, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ). ಬಿಸಿ ಮಾಡಿದಾಗ ಎರಡೂ ತುದಿಯಿಂದ ಅಂಟು ಸ್ವಲ್ಪ ಉಕ್ಕಿ ಬರಬೇಕು, ಆಗಲೇ ನೀರು ತಡೆಯುತ್ತದೆ. ಕನೆಕ್ಟರ್ ಸೀಲ್ ಮಾಡಲು ವಿನೆಗರ್ ವಾಸನೆಯ ಸಿಲಿಕೋನ್ ಹಚ್ಚಬೇಡಿ. ಒಣಗುವಾಗ ಅದರಿಂದ ಅಸಿಟಿಕ್ ಆಸಿಡ್ ಹೊರಬಿದ್ದು ತಾಮ್ರವನ್ನು ತಿನ್ನುತ್ತದೆ. ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ವೈರಿನ ಕಟ್ಟು ಕನೆಕ್ಟರ್‌ಗಿಂತ ಕೆಳಗೆ ಒಂದು ಬಳಸು ಇಳಿದು ಮೇಲೆ ಬರುವಂತೆ ಕಟ್ಟಿದ್ದೇವೆ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈಗ ಇಸಿಎಂ ಜೋಡಿಸಿದ ಸ್ಥಿತಿಯಲ್ಲಿ ಸಿಗ್ನಲ್ 12.3 ವೋಲ್ಟ್. 85ರ ಎಲ್‌ಇಡಿ ಕೀ ಜೊತೆ ಹತ್ತುತ್ತದೆ, ಕೀ ತೆಗೆದ ಕೆಲವು ಸೆಕೆಂಡಿಗೆ ಆರುತ್ತದೆ. ಸೆಲ್ಫ್ ಹೊಡೆಯುವಾಗ ಇಸಿಎಂ ಅರ್ಥ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.03 ವೋಲ್ಟ್. 0.1 ದಾಟಿದರೆ ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜಬೇಕಾಗುತ್ತಿತ್ತು.

ಜುಲೈ: ಗುಂಡಿಯ ದೋಷ

ಇದು ಬೇರೆಯದೇ ರೋಗ, ಪಿ0689 ಇದಕ್ಕೆ ಸೇರಿದ್ದು. ಎಂಜಿನ್ ಓಡುತ್ತಿರುವಾಗ ಡಿಸಿ ಕ್ಲ್ಯಾಂಪ್ ಮೀಟರ್‌ನಲ್ಲಿ 30ರ ಫೀಡ್ ವೈರ್ 11 ಆಂಪ್ ತೋರಿಸಿತು. ಫೀಡ್ ವೈರಿನಿಂದ 87ರ ವೈರಿನವರೆಗೆ ಒಟ್ಟು ಡ್ರಾಪ್ 0.8 ವೋಲ್ಟ್. ರಿಲೇಯನ್ನು ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ 3 ವೋಲ್ಟ್‌ಗೆ ಜಿಗಿದು ಎಂಜಿನ್ ಮಿಸ್ ಹೊಡೆಯಿತು. ಭಾಗ ಮಾಡಿ ಅಳೆದರೆ ರಿಲೇಯೊಳಗೆ 0.05 ಮಾತ್ರ, ಉಳಿದದ್ದೆಲ್ಲ 30ರ ಬ್ಲೇಡ್ ಮತ್ತು ಸಾಕೆಟ್ ಟರ್ಮಿನಲ್ ಸೇರುವ ಜಾಗದಲ್ಲಿ. 11 ಆಂಪ್, ಮುಕ್ಕಾಲು ವೋಲ್ಟ್, ಎಂಟು ವ್ಯಾಟ್‌ಗೂ ಮೇಲೆ. 25 ವ್ಯಾಟ್ ಸೋಲ್ಡರಿಂಗ್ ಐರನ್‌ನ ಮೂರನೇ ಒಂದು ಪಾಲು ಬಿಸಿ, ಬೆರಳಗಲದ ಪ್ಲಾಸ್ಟಿಕ್‌ನೊಳಗೆ ಕೂತಿತ್ತು. ಸಾಕೆಟ್‌ನ ಆ ಮೂಲೆ ಕಂದಾಗಿ, ಅಂಚು ಸ್ವಲ್ಪ ಕರಗಿತ್ತು. ಹೊಸ ರಿಲೇ ಹಾಕಿದಾಗ ಸ್ವಲ್ಪ ದಿನ ಸರಿಹೋದಂತೆ ಕಂಡದ್ದು ಹೊಸ ಬ್ಲೇಡಿನ ಹಿಡಿತದಿಂದ, ಅಷ್ಟೇ.

ಹಿಡಿತ ನೋಡುವ ವಿಧಾನ ಸುಲಭ. 6.3 ಮಿಲಿಮೀಟರ್‌ನ ಬಿಡಿ ಬ್ಲೇಡೊಂದನ್ನು ಪ್ರತಿ ಕುಳಿಯಲ್ಲೂ ತೂರಿಸಿ ಎಳೆಯಿರಿ. 87ರಲ್ಲಿ ಬಿಗಿಯಾಗಿ ಎಳೆದು ತೆಗೆಯಬೇಕಾಯಿತು, 30ರಲ್ಲಿ ತಾನೇ ಜಾರಿ ಬಂತು. ಸಾಕೆಟ್‌ನ ಮುಂಭಾಗದಿಂದ ದಪ್ಪ ಪ್ರೋಬ್ ತೂರಿಸಿ ಅಳೆಯುವ ಅಭ್ಯಾಸ ಟರ್ಮಿನಲ್ ಅಗಲಿಸುವ ಮುಖ್ಯ ಕಾರಣ. ಅಗಲಿದ ಮೇಲೆ ಬಿಸಿ, ಬಿಸಿಗೆ ಸ್ಪ್ರಿಂಗ್ ಮೆತ್ತಗಾಗಿ ಮತ್ತಷ್ಟು ಸಡಿಲ. ಇಕ್ಕಳದಲ್ಲಿ ಅಮುಕಿ ಬಿಗಿ ಮಾಡುವವರಿದ್ದಾರೆ. ಬಿಸಿ ತಿಂದ ಲೋಹಕ್ಕೆ ಸ್ಪ್ರಿಂಗ್ ಗುಣ ಹಾಗೆ ಮರಳುವುದಿಲ್ಲ, ಟರ್ಮಿನಲ್ಲನ್ನೇ ಬದಲಿಸಬೇಕು.

ಸಣ್ಣ ಉಪಕರಣದಿಂದ ಲಾಕ್ ನಾಲಗೆ ಒತ್ತಿ ಹಳೆಯ ಟರ್ಮಿನಲ್ ಹಿಂದಕ್ಕೆ ಎಳೆದು, 2.5 ಚದರ ಮಿಲಿಮೀಟರ್ ವೈರಿನ ತುಂಡು, ಹೊಸ 6.3 ಮಿಲಿಮೀಟರ್ ಟರ್ಮಿನಲ್. ಒಂದು ಜೋಡಿ ರೆಕ್ಕೆ ತಾಮ್ರ ಹಿಡಿಯಬೇಕು, ಹಿಂದಿನ ಜೋಡಿ ಇನ್ಸುಲೇಷನ್ ಹಿಡಿಯಬೇಕು. ಮೇಲಿಂದ ಸೋಲ್ಡರ್ ಸುರಿಯುವುದು ಬೇಡ. ಸೋಲ್ಡರ್ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ, ಎಂಜಿನ್ ಕಂಪನಕ್ಕೆ ಅದು ಮುಗಿಯುವ ಜಾಗದಲ್ಲೇ ಮುರಿಯುತ್ತದೆ.

ಈಗ ಅದೇ 11 ಆಂಪ್‌ಗೆ ಒಟ್ಟು ಡ್ರಾಪ್ 0.07 ವೋಲ್ಟ್. ರಿಲೇ ಒತ್ತಿದರೂ ತಿರುಚಿದರೂ ಲೆಕ್ಕ ಕದಲುವುದಿಲ್ಲ.

ರಿಲೇ ಕೊಳ್ಳುವವರಿಗೆ: ಪಿನ್ ಹೊಂದಿತು, 12 ವೋಲ್ಟ್ 30 ಆಂಪ್ ಇದೆ ಎಂದರೆ ಸಾಲದು. ಕಾಯಿಲ್‌ಗೆ ಅಡ್ಡವಾಗಿ ಕೆಲವದರಲ್ಲಿ ರೆಸಿಸ್ಟರ್, ಕೆಲವದರಲ್ಲಿ ಡಯೋಡ್ ಇರುತ್ತದೆ. ಎರಡೂ ಇಲ್ಲದ ಅಗ್ಗದ ರಿಲೇ ಹಾಕಿದರೆ ಆಫ್ ಆಗುವಾಗಿನ ವೋಲ್ಟೇಜ್ ಏಟು ನೇರ ಇಸಿಎಂ ಡ್ರೈವರ್‌ಗೆ ಬೀಳುತ್ತದೆ. ಡಯೋಡ್ ಇರುವ ರಿಲೇಯಲ್ಲಿ 85, 86 ಅದಲುಬದಲಾದ ಸಾಕೆಟ್ ಇದ್ದರೆ ಡಯೋಡ್ ಮೂಲಕ ನೇರ ಶಾರ್ಟ್. ಹಳೆಯದರ ಮೈಮೇಲಿನ ಚಿತ್ರಕ್ಕೆ ಹೋಲಿಸಿಯೇ ಕೊಳ್ಳಿ. ಪರೀಕ್ಷೆಗೆ ಹಾರ್ನ್ ರಿಲೇ ಅದಲುಬದಲು ಮಾಡುವಾಗಲೂ ಇದೇ ನಿಯಮ.

ಬಾಕಿ ಕೆಲಸ

ಗಾಡಿ ಲಾಕ್ ಮಾಡಿ ಎಲ್ಲ ಮಾಡ್ಯೂಲ್ ಮಲಗಿದ ಮೇಲೆ ಬ್ಯಾಟರಿಯಿಂದ ಹೋಗುವ ಕರೆಂಟ್ 22 ಮಿಲಿಆಂಪ್, 50ರೊಳಗೆ ಇದೆ, ರಿಲೇ ಅಂಟಿಕೊಂಡಿಲ್ಲ. ಫ್ಯುಯೆಲ್ ಪಂಪ್ ರಿಲೇಯ ಸಾಕೆಟ್ ಕೂಡ ಅಷ್ಟೇ ಹಳೆಯದು, ಅದರ 30ರ ಹಿಡಿತ ಸಾಧಾರಣ, ಡ್ರಾಪ್ ಈಗ 0.18. ಅದಕ್ಕೂ ಟರ್ಮಿನಲ್ ತಂದಿಟ್ಟಾಗಿದೆ. ಬ್ಯಾಟರಿ ಟ್ರೇಯ ನೀರು ಹೋಗುವ ತೂತು ಎಲೆ ಕಸದಿಂದ ಕಟ್ಟಿತ್ತು, ತೆರೆದಿದ್ದೇವೆ. ಆ ಕನೆಕ್ಟರ್‌ನ ಉಳಿದ ಐದು ವೈರುಗಳನ್ನೂ ಎಳೆದು ನೋಡಿ ಆಯಿತು. ಹಳದಿ ವೈರೊಂದು ಸ್ವಲ್ಪ ಹಿಗ್ಗುತ್ತದೆ, ಘಾಟ್ ಹತ್ತುವ ಮೊದಲು ಅದನ್ನೂ ಕತ್ತರಿಸಿ ಹೊಸದು ಹಾಕಬೇಕು.