ಗಲಾಟಾದ ಇಳಿಜಾರಿನಲ್ಲಿ ಎಪ್ಪತ್ತೆಂಟು ತಂತಿ

ಇಸ್ತಾಂಬುಲ್‌ನ ಕರಾಕೊಯ್‌ನಲ್ಲಿ ಟ್ಯೂನೆಲ್ ರೈಲು ಹತ್ತಿದೆ. 1875ರಿಂದ ಓಡುತ್ತಿರುವ ಪುಟ್ಟ ರೈಲು, ಗುಡ್ಡದ ಒಳಗಿಂದಲೇ ಮೇಲೆ ಒಯ್ಯುತ್ತದೆ. ಅಲ್ಲಿಂದ ಗಲಾಟಾ ಗೋಪುರದ ಕಡೆ ಇಳಿಯುವ ಬೀದಿಯ ಹೆಸರು ಗಾಲಿಪ್ ದೇದೆ. ಬೀದಿಯ ತಲೆಯಲ್ಲೇ 1491ರ ಮೆವ್ಲೆವಿ ಪಂಥದ ಸೂಫಿಗಳ ಮನೆ, ಈಗ ಅದು ಮ್ಯೂಸಿಯಂ. ಕೆಳಗೆ ಇಳಿದಂತೆ ವಾದ್ಯದ ಅಂಗಡಿಗಳು. ನಾನು ಬಂದದ್ದು ಕಾನುನ್ ಎಂಬ ತಂತಿವಾದ್ಯ ನೋಡೋಕೆ.

ಹೆಸರು ಕೇಳಿದರೆ ನಮ್ಮ ಕಾನೂನು ನೆನಪಾಗುತ್ತದೆ, ಅಲ್ವಾ? ಎರಡೂ ಒಂದೇ ಮಾತು. ನಿಯಮ ಅನ್ನುವ ಅರ್ಥದ ಗ್ರೀಕ್ ಪದ ಅರಬ್ಬಿಗೆ ಹೋಗಿ, ಅಲ್ಲಿಂದ ಒಂದು ದಾರಿಯಲ್ಲಿ ವಾದ್ಯವಾಯಿತು, ಇನ್ನೊಂದು ದಾರಿಯಲ್ಲಿ ನಮ್ಮ ಕೋರ್ಟು ಕಚೇರಿ ಸೇರಿತು.

ಒಂದು ಅಂಗಡಿಯಲ್ಲಿ ವಯಸ್ಸಾದ ಉಸ್ತಾದರೊಬ್ಬರು ಕಾನುನ್ ತೊಡೆಯ ಮೇಲಿಟ್ಟುಕೊಂಡು ಶ್ರುತಿ ಮಾಡುತ್ತಿದ್ದರು. ಒಂದು ಪಕ್ಕ ಓರೆಯಾದ ಚಪ್ಪಟೆ ಪೆಟ್ಟಿಗೆ. ಸ್ವರಕ್ಕೆ ಮೂರು ತಂತಿಯಂತೆ ಇಪ್ಪತ್ತಾರು ಸ್ವರ, ಒಟ್ಟು 78 ತಂತಿ. ತಂತಿಗಳನ್ನು ಹೊರುವ ಕುದುರೆ ನಿಂತಿರುವುದು ಮರದ ಮೇಲಲ್ಲ, ಬಿಗಿದ ಚರ್ಮದ ಮೇಲೆ. ಆ ಮಿಂಚುವ ನಾದಕ್ಕೆ ಚರ್ಮದ ಪಾಲು ದೊಡ್ಡದು. ಅವರು ನನ್ನನ್ನು 'ಅಬ್ಲಾ' ಎಂದು ಕರೆದು, ಅಂದರೆ ಅಕ್ಕ, ಕೂರಿಸಿ ಚಹಾ ತರಿಸಿದರು. ನನ್ನ ಲೋಟ ಖಾಲಿಯಾದರೂ ಅವರ ಶ್ರುತಿ ಮುಗಿದಿರಲಿಲ್ಲ.

ಎರಡೂ ತೋರುಬೆರಳಿಗೆ ಲೋಹದ ಉಂಗುರ, ಅದರ ಸಂದಿಯಲ್ಲಿ ಮೀಟುವ ಕಡ್ಡಿ. ಅದಕ್ಕೆ ಅವರೂ ಮಿಜ್ರಾಪ್ ಅಂತಾರೆ, ನಮ್ಮ ಸಿತಾರಿನವರ ಮಿಜ್ರಾಬ್ ಇದ್ದ ಹಾಗೆ! ಆದರೆ ನನ್ನ ಕಣ್ಣು ಹೋಗಿದ್ದು ಎಡಗಡೆಗೆ. ಪ್ರತಿ ಸ್ವರದ ತಂತಿಗಳ ಅಡಿಯಲ್ಲೂ ಚಿಕ್ಕ ಚಿಕ್ಕ ಲೋಹದ ಬಿಲ್ಲೆಗಳ ಸಾಲು. ಇವು ಮಂಡಲ್. ಒಂದನ್ನು ಎತ್ತಿ ನಿಲ್ಲಿಸಿದರೆ ತಂತಿಯ ನುಡಿಯುವ ಉದ್ದ ಅಷ್ಟು ಕಡಿಮೆ, ಸ್ವರ ಕೂದಲೆಳೆಯಷ್ಟು ಮೇಲೆ. ತುರ್ಕಿಯವರು ಒಂದು ಪೂರ್ಣ ಸ್ವರದ ಅಂತರವನ್ನು ಕೋಮಾ ಎಂಬ ಒಂಬತ್ತು ಚೂರುಗಳಾಗಿ ಲೆಕ್ಕ ಹಾಕುತ್ತಾರೆ. ಮಂಡಲ್ ಬರುವ ಮೊದಲು ಇದನ್ನೆಲ್ಲ ಎಡಗೈ ಹೆಬ್ಬೆರಳ ಉಗುರಿನಿಂದ ತಂತಿ ಒತ್ತಿ ತರುತ್ತಿದ್ದರಂತೆ. ಆ ಉಗುರುಗಳಿಗೆ ಕೈ ಮುಗಿಯಬೇಕು.

ಉಸ್ತಾದರು ಹಿಜಾಜ್ ಮಕಾಮ್ ಶುರು ಮಾಡಿದರು. ಮಕಾಮ್ ಅಂದರೆ ನಮ್ಮ ರಾಗದ ಹಾಗೆ. ನಾಲ್ಕು ಸ್ವರ ಕೇಳಿದ ಕೂಡಲೇ ನಾನು ನೆಟ್ಟಗೆ ಕೂತೆ. ಸ ರಿ ಗ ಮ, ನಮ್ಮ ಮಾಯಾಮಾಳವಗೌಳ ರಾಗ! ಎಳವೆಯಲ್ಲಿ ಸರಳೆ ವರಸೆ ಹಾಡಿದವರಿಗೆ ಇದು ಅಮ್ಮನ ದನಿ. ಆದರೂ ಪೂರ್ತಿ ಅದಲ್ಲ. ರಿ ಸ್ವಲ್ಪ ಮೇಲೆ ನಿಂತಿತ್ತು, ಗ ಸ್ವಲ್ಪ ಕೆಳಗೆ. ಅವೆರಡರ ಮಧ್ಯದ ಆ ದೊಡ್ಡ ಜಿಗಿತ ಮೆತ್ತಗಾಗಿತ್ತು.

ನಾನು ನಮ್ಮ ರೀತಿ ಹಾಡಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಗಾಂಧಾರದ ಒಂದು ಬಿಲ್ಲೆ ಎತ್ತಿದರು, ರಿಷಭದ್ದೊಂದು ಮಲಗಿಸಿದರು, ಮೀಟಿದರು. ಸರಿಯಾಗಿ ನನ್ನ ಮಾಯಾಮಾಳವಗೌಳ. ಆಮೇಲೆ ನನ್ನ ಬೆರಳು ಹಿಡಿದು ಆ ಗಾಂಧಾರದ ಬಿಲ್ಲೆಯ ಮೇಲಿಟ್ಟರು. ಮಲಗಿಸಿದೆ. ಟಿಕ್ ಅಂದಿತು. ಹಿಜಾಜ್ ಗಾಂಧಾರ ವಾಪಸು ಬಂತು.