ತಾಳವಾಡಿಯಿಂದ ಚೆಟ್ಟಿಪಾಳ್ಯಕ್ಕೆ: ರೇಸ್ ನೋಡಲು ಹೋಗುವವರಿಗೆ

ಕೊಯಮತ್ತೂರಿಗೆ ಆಸ್ಪತ್ರೆಗೆ ಹೋಗಿದ್ದೇನೆ, ಮದುವೆ ಜವಳಿಗೆ ಹೋಗಿದ್ದೇನೆ. ಕಾರ್ ರೇಸ್ ನೋಡಲು ಹೋಗಿದ್ದು ಇದೇ ಮೊದಲು. ಎಲ್ಲಾ ಅಕ್ಕನ ಮಗನ ಹಟ. ಒಂಬತ್ತನೇ ಕ್ಲಾಸಿನ ಹುಡುಗ, ತಾಳವಾಡಿ ಬಿಟ್ಟು ಬೇರೆ ಊರು ನೋಡಿದ್ದೇ ಕಡಿಮೆ. ಆದರೆ ಫಾರ್ಮುಲಾ ಕಾರುಗಳ ಹೆಸರೆಲ್ಲ ಬಾಯಿಪಾಠ.

ನಮ್ಮ ಕಡೆಯಿಂದ ಹೋಗುವವರು ಮೊದಲು ದಿಂಬಂ ಘಾಟಿನ ಲೆಕ್ಕ ಹಾಕಬೇಕು, ಆಮೇಲೆ ರೇಸಿನದು. 2022ರಿಂದ ಹೈಕೋರ್ಟ್ ಆದೇಶದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾರುಗಳನ್ನು ಬಿಡುವುದಿಲ್ಲ. ಲಾರಿಗಳಿಗಂತೂ ಸಂಜೆ 6ರಿಂದಲೇ ತಡೆ. ನಾವು ಶನಿವಾರ ಹಾಸನೂರು ದಾಟಿ, ಗೇಟು ತೆರೆಯುತ್ತಿದ್ದಂತೆ 27 ತಿರುವು ಇಳಿದು ಘಾಟಿನ ಬುಡದ ಬಣ್ಣಾರಿ ಸೇರಿದೆವು. ಸತ್ತಿಯಲ್ಲಿ, ಅಂದರೆ ಸತ್ಯಮಂಗಲದಲ್ಲಿ, ಇಡ್ಲಿ ತಿಂದು, ಪುಳಿಯಂಪಟ್ಟಿ, ಅಣ್ಣೂರು ಮೇಲೆ ಕೊಯಮತ್ತೂರು. ರೇಸ್ ನಡೆಯುವ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕ್ ಇರುವುದು ಊರಿನ ಆಚೆ, ದಕ್ಷಿಣಕ್ಕೆ, ಪೋದನೂರು ದಾಟಿ, ಚೆಟ್ಟಿಪಾಳ್ಯದಲ್ಲಿ. ಹಾಗಾಗಿ ರೂಮು ಆ ಕಡೆಗೇ ಮಾಡಿ. ನಾನು ಬಸ್‌ಸ್ಟ್ಯಾಂಡಿಗೆ ಹತ್ತಿರ ಅಂತ ಗಾಂಧಿಪುರದಲ್ಲಿ ಮಾಡಿದೆ. ಭಾನುವಾರ ಬೆಳಿಗ್ಗೆ ಇಡೀ ಊರು ದಾಟಿ ಹೋಗಬೇಕಾಯಿತು.

ಕರಿ ಮೋಟರ್ ಸ್ಪೀಡ್‌ವೇ ಅನ್ನುವ ಹೆಸರು ಬಂದಿದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿಯ 800 ಸಿಸಿ ಎಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ಕಾರು ಕಟ್ಟಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಶುರುವಾಗಿದ್ದು 2003ರಲ್ಲಿ, ಉದ್ದ 2.1 ಕಿ.ಮೀ. 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಇದೇ ಕೊಯಮತ್ತೂರಿನವರು.

ಇಲ್ಲಿ ನಡೆಯುವ ಎಲ್‌ಜಿಬಿ ಫಾರ್ಮುಲಾ 4 ರೇಸಿನ ಕಾರಿನಲ್ಲಿ ಮಾರುತಿ ಸುಜುಕಿಯ 1300 ಸಿಸಿ ಎಂಜಿನ್. ನಮ್ಮ ಹಳೇ ಎಸ್ಟೀಮ್‌ನಲ್ಲೂ 1300 ಸಿಸಿಯೇ! ದಿಂಬಂ ಹತ್ತುವಾಗ ಎರಡನೇ ಗೇರಿನಲ್ಲಿ ಉಬ್ಬಸ ಪಡುವ ಗಾಡಿ ಅದು. ಇನ್ನು ಎಲ್‌ಜಿಬಿ ಅಂದರೆ ಬೈಕಿಗೆ ರೋಲಾನ್ ಚೈನ್ ಮಾಡುವ ಕೊಯಮತ್ತೂರಿನ ಕಂಪನಿಯೇ.

ಶನಿವಾರ ತಪ್ಪಿಸಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಅವತ್ತು ಸಾಮಾನ್ಯವಾಗಿ ಪ್ರಾಕ್ಟೀಸು, ಆಮೇಲೆ ರೇಸಿನಲ್ಲಿ ಯಾರು ಮುಂದೆ ಯಾರು ಹಿಂದೆ ನಿಲ್ಲಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್. ಜನ ಕಡಿಮೆ. ಕೇಳಿಕೊಂಡರೆ ಕಾರಿನ ಹತ್ತಿರ ನಿಲ್ಲಬಹುದು. ಒಬ್ಬ ಮೆಕ್ಯಾನಿಕ್ ನೆಲದಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತು ಟೈರಿಗೆ ಅಂಟಿದ ರಬ್ಬರ್ ಚೂರುಗಳನ್ನು ಕೆರೆದು ತೆಗೆಯುತ್ತಿದ್ದ, ಹಲಸಿನ ಅಂಟು ಬಿಡಿಸುವ ಹಾಗೆ. ಪಕ್ಕದಲ್ಲಿ ಮೀಸೆ ಚಿಗುರದ ಒಬ್ಬ ಡ್ರೈವರ್. ಅವರಮ್ಮ ಡಬ್ಬಿಯಿಂದ ಮೊಸರನ್ನ ತಿನ್ನಿಸುತ್ತಿದ್ದರು. ತಿಂದು, ಬಾಯಿ ಒರೆಸಿಕೊಂಡು, ಹೆಲ್ಮೆಟ್ ಹಾಕಿ, ಸ್ಟೀರಿಂಗನ್ನೇ ಕಳಚಿ ಪಕ್ಕಕ್ಕಿಟ್ಟು ಒಳಗೆ ಇಳಿದ. ಸ್ಟೀರಿಂಗ್ ಇದ್ದರೆ ಕಾಲು ತೂರುವುದಿಲ್ಲ. ನಮ್ಮ ಹುಡುಗ ಅರ್ಧ ಗಂಟೆ ಮಾತೇ ಆಡಲಿಲ್ಲ.

ಟೋಪಿ, ನೀರು, ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ. ನೆರಳು ಕಡಿಮೆ. ತಿರುವಿನ ಹತ್ತಿರ ನಿಂತರೆ ನೋಡಲು ಜಾಸ್ತಿ ಸಿಗುತ್ತದೆ. ನೇರ ದಾರಿಯಲ್ಲಿ ಸುಮ್ನೆ ಸೊಂಯ್ ಅಂತ ಹೋಗಿಬಿಡುತ್ತವೆ, ಅಷ್ಟೇ. ಬಾವುಟದ ಅರ್ಥ ತಿಳಿದಿದ್ದರೆ ಆಟ ಅರ್ಥವಾಗುತ್ತದೆ. ಹಳದಿ ಬೀಸಿದರೆ ಮುಂದೆ ಅಪಾಯ, ಓವರ್‌ಟೇಕ್ ಮಾಡುವಂತಿಲ್ಲ. ಕೆಂಪು ಬೀಸಿದರೆ ರೇಸ್ ನಿಂತಿತು. ಇದನ್ನೆಲ್ಲ ನನಗೆ ಕಲಿಸಿದ್ದು ಅಳಿಯನೇ.

ಮಕ್ಕಳು "ನಾನೂ ಓಡಿಸ್ತೀನಿ" ಅಂದರೆ ಏನು ಮಾಡುವುದು? ಶುರು ಮಾಡುವುದು ಕಾರ್ಟಿಂಗ್‌ನಿಂದ, ಅಂದರೆ ಪುಟ್ಟ ಗಾಡಿಗಳ ರೇಸಿನಿಂದ. ರೇಸಿಗೆ ಇಳಿಯಲು ದೇಶದ ಮೋಟರ್ ರೇಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಇಂಡಿಯನ್ ಎಫ್4 ಅನ್ನುವ ಇನ್ನೊಂದು ಸರಣಿಗೆ 15 ವರ್ಷ ತುಂಬಿರಬೇಕು. 2024ರಲ್ಲಿ ಅದರ ರೇಸುಗಳೂ ಈ ಟ್ರ್ಯಾಕಿನಲ್ಲಿ ನಡೆದಿದ್ದವು. ದುಡ್ಡಿನ ವಿಷಯ ಮಾತ್ರ ಹುಡುಗನ ಎದುರಿಗೆ ವಿಚಾರಿಸಬೇಡಿ. ನಾನು ವಿಚಾರಿಸಿದೆ, ಅವನ ಮುಖ ಬಾಡಿತು. ಎಲೆಕೋಸು ಬೆಳೆದು ಆಗುವ ಮಾತಲ್ಲ ಅದು.

ಭಾನುವಾರದ ಮೊದಲ ರೇಸ್ ಚೆನ್ನಾಗಿ ನಡೆಯಿತು. 20 ನಿಮಿಷ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ಎರಡು ಕಾರು ತಾಗಿ ಒಂದು ತಡೆಗೋಡೆಗೆ ಹೊಡೆಯಿತು. ಡ್ರೈವರ್ ತಾನೇ ಎದ್ದು ಬಂದ. ಕೆಂಪು ಬಾವುಟ ಬಂತು. ಗೋಡೆ ಸರಿ ಮಾಡುತ್ತಾ ಕೂತರು. ನಾಲ್ಕೂವರೆ ಆಯಿತು, ಐದಾಯಿತು. ಒಂಬತ್ತಕ್ಕೆ ಘಾಟಿ ಬಂದ್, ಊರ ಟ್ರಾಫಿಕ್ಕು ದಾಟಿ ಬಣ್ಣಾರಿ ಮುಟ್ಟಲು ಮೂರು ಗಂಟೆಯಾದರೂ ಬೇಕು. "ಏಳೋ, ಹೋಗೋಣ" ಅಂದೆ. "ಮಾವ, ಇನ್ನೈದು ನಿಮಿಷ" ಅಂದ. ಇನ್ನೈದು ನಿಮಿಷ ಅಂತಲೇ ಇನ್ನರ್ಧ ಗಂಟೆ ಹೋಯಿತು. ಕೊನೆಗೆ ರೇಸ್ ಮತ್ತೆ ಶುರುವಾಗುವ ಮೊದಲೇ ಹೊರಟೆವು. ಗೇಟಿನ ಹೊರಗೆ ಬಂದಾಗ ಹಿಂದೆ ಎಂಜಿನ್‌ಗಳ ಸದ್ದು ಕೇಳಿತು. ಅವನು ತಿರುಗಿಯೂ ನೋಡಲಿಲ್ಲ. ನೀವು ಸೋಮವಾರ ರಜೆ ಹಾಕಿ, ಭಾನುವಾರ ರಾತ್ರಿ ಸತ್ತಿಯಲ್ಲಿ ಉಳಿಯಿರಿ.

ಬಣ್ಣಾರಿ ದಾಟಿದ್ದು 8.50ಕ್ಕೆ. 27 ತಿರುವಿನುದ್ದಕ್ಕೂ ಹುಡುಗ ಮುನಿಸು. ಹಾಸನೂರಿನ ಹತ್ತಿರ ರಸ್ತೆ ನಡುವೆ ಆನೆ, ಜೊತೆಗೆ ಮರಿ. ಕಬ್ಬಿನ ಲಾರಿಗೆ ಕಾಯುವ ಚಾಳಿ ಅವಕ್ಕೆ. ದೂರದಲ್ಲೇ ನಿಲ್ಲಿಸಿ ಲೈಟು ತಗ್ಗಿಸಿದೆ. ಕತ್ತಲಲ್ಲಿ ಅವನು ಮೊದಲ ಸಲ ಬಾಯಿಬಿಟ್ಟ.

"ಮಾವ, ಕೆಂಪು ಬಾವುಟ."